ತನ್ನ ಗಾಯವನ್ನೇ ಶಾಸ್ತ್ರ ಮಾಡಿಕೊಂಡವನು

ಆತ ಉಣ್ಣುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಆತ ಕುಳಿತನೆಂದರೆ ಎದುರು ಸಾಲಿನವರು ತಮ್ಮ ಎಲೆಯನ್ನು ಮರೆತು ಆತನ ಕೈಬಾಯಿಗಳನ್ನೇ ನೋಡುವರು. ಅನ್ನನಾಳದ ಅರ್ಬುದಕ್ಕೆ, ಎಂದರೆ ಜನ ಕ್ಯಾನ್ಸರ್ ಎನ್ನುವ ರೋಗಕ್ಕೆ, ಎದೆಯನ್ನು ತೆರೆಸಿಕೊಂಡು, ಕೆಟ್ಟ ನಾಳವನ್ನು ತೆಗೆಸಿಕೊಂಡು, ಜಠರವನ್ನೇ ಕೊಳವೆಯಂತೆ ಮಾಡಿ ಕೊರಳವರೆಗೆ ಎಳೆದು ಹೊಲಿಸಿಕೊಂಡು ಬದುಕಿದ ಮನುಷ್ಯ ಶಹಾಬಾದದ ನಮ್ಮ ಓಣಿಯಲ್ಲಿ ಆತನೊಬ್ಬನೇ. ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ಹಲವು ಸಲ ಉಣ್ಣಬೇಕೆಂದು ವೈದ್ಯರು ವಿಧಿಸಿದ್ದರು. ನೋಡುವವರಿದ್ದರೆ ಆತ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ. ಬಳಿಕ ಚಪ್ಪರದ ಹಿಂದೆ ಹೋಗಿ ಏನು ಮಾಡುತ್ತಿದ್ದನೆಂಬುದನ್ನು ಬರೆಯುವುದು ಸಭ್ಯತೆಯಲ್ಲ.

ಈ ಆಷಾಢದಲ್ಲಿ ಆತ ತೀರಿಕೊಂಡ. ಮಠದ ವಾರ್ಷಿಕ ಸಂಚಿಕೆಯನ್ನು ನೋಡಿಕೊಳ್ಳುವವರು, ಆತನ ನೆರೆಯಲ್ಲಿ ಬಹುಕಾಲ ಬಾಳಿದವನು ನಾನೆಂಬ ಕಾರಣಕ್ಕೆ, ನಾಲ್ಕು ಮಾತು ಬರೆದುಕೊಡಲು ನನ್ನನ್ನು ಕೇಳಿದರು. ಆತನ ಗುಣವನ್ನು ಹೇಳಿರಿ ಎಂದರು. ಪ್ರತಿದಿನ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಣ್ಣಿಟ್ಟು ಕುಳಿತುಕೊಳ್ಳುವವನು ನಾನು. ಆ ಕೈಯಿಂದಲೇ ಇಲ್ಲದ ಗುಣವನ್ನು ಬರೆಯಲಾರೆ. ಇದ್ದುದನ್ನು ಬರೆದಿದ್ದೇನೆ. ಸಂಚಿಕೆಯವರಿಗೆ ಬೇಡವಾದರೆ ಬಿಡಲಿ.

ನಮ್ಮ ಮನೆಗೂ ಆತನ ಕಾರ್ಖಾನೆಗೂ ನಡುವೆ ಒಂದೇ ಗೋಡೆ. ಖಣಿಯಿಂದ ಬಂದ, ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಅಲ್ಲಿ ಕೊಯ್ದು ಪಾಲಿಶ್ ಹಿಡಿಸುತ್ತಿದ್ದರು. ಹುಡಿ ಹಾರದಂತೆ ಕೊಯ್ಯುವಾಗ ನೀರು ಬಿಡಬೇಕೆಂಬುದು ಕ್ರಮ. ಆತನಿಗೆ ನೀರಿಗಿಂತ ಅವಸರ ಹೆಚ್ಚು. ಬಿಳಿಯ ಹುಡಿ ನಮ್ಮ ಅಂಗಳಕ್ಕೆ ಇಳಿಯುತ್ತಿತ್ತು. ಪೂಜೆಗೆ ತಂದ ಬಿಲ್ವಪತ್ರೆಯನ್ನು ತೊಳೆದು, ಒರೆಸಿ, ಮತ್ತೆ ತೊಳೆಯಬೇಕಾಗುತ್ತಿತ್ತು. ಒಮ್ಮೆ ಹೋಗಿ ವಿನಯದಿಂದಲೇ ಹೇಳಿದೆ. ಆತ ಕಾರ್ಖಾನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ.

"ಶಾಸ್ತ್ರಿಗಳ, ಅದು ಧೂಳಲ್ರಿ," ಎಂದ. "ವಿಭೂತಿ ಅಂತ ತಿಳ್ಕೋರಿ. ದಿನಾ ಪುಕಟ ಬರ್ಲಿಕತ್ತದ, ಹಚ್ಕೋರಿ."

ಕೆಲಸದವರು ನಕ್ಕರು. ನಾನು ಹಿಂತಿರುಗಿದೆ. ಅಂದಿನಿಂದ ಆತನನ್ನು 'ಅವರು' ಎಂದು ಕರೆಯುವುದು ನನ್ನ ಬಾಯಿಗೆ ಬರಲಿಲ್ಲ. ಈ ಬರಹದಲ್ಲಿಯೂ ಬರುವುದಿಲ್ಲ.

ಆತನ ಅಂಗಿಯ ಗುಂಡಿಗಳು ಎಂದೂ ಭದ್ರವಾಗಿರುತ್ತಿರಲಿಲ್ಲ. ಬೆನ್ನಿನ ಬಲಬದಿಯಿಂದ ಹೊರಟು ಪಕ್ಕೆಲುಬುಗಳ ನಡುವೆ ಹಾದು ಎದೆಯ ಕೆಳಗೆ ಬಂದು ನಿಲ್ಲುವ ಗಾಯದ ಗುರುತು ಆತನ ಆಸ್ತಿ. ಅದನ್ನು ಸೇಡಂನಲ್ಲಿ ಒಬ್ಬರ ಸಾವಿನ ಮನೆಯಲ್ಲಿ ತೋರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ತವನ ತಾಯಿ ಅಳುವುದನ್ನು ನಿಲ್ಲಿಸಿ ಈತನ ಪಕ್ಕೆಯನ್ನು ನೋಡಬೇಕಾಯಿತು. ಸುಲೇಪೇಟದ ಸಂತೆಯಲ್ಲಿ ಚಹದ ಅಂಗಡಿಯ ಮುಂದೆ ನಿಂತು ತೋರಿಸಿದ್ದನ್ನು ಕೇಳಿದ್ದೇನೆ. ಗಂಟಲು ನೋವೆಂದು ಔಷಧದ ಅಂಗಡಿಗೆ ಬಂದ ಕೂಸಿನ ತಾಯಿಗೂ, "ತಡಾ ಮಾಡಬ್ಯಾಡವ್ವಾ, ಎದಿ ತೆರಸು," ಎಂದವನು ಆತ. ಮಠದ ಅಂಗಳಕ್ಕೆ ಕಲ್ಲುಹಾಸು ಕೊಟ್ಟನೆಂದು ಹೊಗಳುತ್ತಾರೆ. ಕೊಟ್ಟದ್ದು ನಿಜ. ಒಂದೊಂದು ಸಾಲಿನಲ್ಲಿಯೂ ತನ್ನ ಹೆಸರನ್ನು ಕೊರೆಸಿದ್ದೂ ನಿಜ.

ಇಷ್ಟೇ ಆಗಿದ್ದರೆ ಆತ ನನಗೆ ಬರಿಯ ಹಾಸ್ಯದ ವಸ್ತುವಾಗಿ ಉಳಿಯುತ್ತಿದ್ದ. ನನ್ನ ತಂಗಿಗೆ ಅದೇ ರೋಗ ಬಂದಿತು.

ತಂಗಿ ವಿಧವೆ; ಪತಿಯ ವಿಯೋಗದ ಬಳಿಕ ನನ್ನ ಮನೆಯಲ್ಲಿಯೇ ಇರುವವಳು. ಮನೆಯ ಪೂಜೆಗೆ ಹೂ ಕಟ್ಟುವುದು, ಗೋಡೆಯ ಪಕ್ಕದ ಕೋಣೆಯಲ್ಲಿ ಕುಳಿತು ಮಕ್ಕಳಿಗೆ ವಚನ ಹೇಳಿಕೊಡುವುದು ಅವಳ ದಿನಚರಿ. ಆ ಕೋಣೆಯ ಹುಡಿಯಲ್ಲಿ ಅವಳ ಉಸಿರು ಎಂದೋ ಕೆಟ್ಟಿತ್ತು. ಚಳಿಗಾಲ ಬಂದರೆ ದಮ್ಮು, ಕೆಮ್ಮು. ಒಂದು ದಿನ ಊಟಕ್ಕೆ ಕುಳಿತವಳು ರೊಟ್ಟಿಯ ತುತ್ತನ್ನು ನುಂಗಲಾರದೆ ಎದೆಯ ಮೇಲೆ ಕೈಯಿಟ್ಟಳು.

"ಯಣ್ಣಾ, ಎದೀನ್ಯಾಗ ರೊಟ್ಟಿ ನಿಂತ್ಕೊಂಡಂಗ ಆಗ್ಲಿಕತ್ತದ."

ಕೆಲವೇ ವಾರಗಳಲ್ಲಿ ರೊಟ್ಟಿ ಹೋಗಿ ಅನ್ನ, ಅನ್ನ ಹೋಗಿ ಅಂಬಲಿ ಎನ್ನುವಂತಾಯಿತು. ಹೈದರಾಬಾದಿನ ಆಸ್ಪತ್ರೆಯಲ್ಲಿ ಬಾಯಿಯೊಳಗಿಂದ ಕೊಳವೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷಿಸಿ, ಹೆಸರು ಹೇಳಿದರು. ಮೊದಲು ಕೀಮೋ ಮತ್ತು ವಿಕಿರಣ, ಅದಾದ ಮೇಲೆ ಕೆಲವು ವಾರ ವಿಶ್ರಾಂತಿ, ಆಮೇಲೆ ಶಸ್ತ್ರಕ್ರಿಯೆ ಎಂದು ಗೊತ್ತುಮಾಡಿದರು. ಅಲ್ಲಿಯ ಶಸ್ತ್ರವೈದ್ಯರು ಚಿಂಚೋಳಿ ಕಡೆಯವರು. ನಮ್ಮ ಮಾತಿನಲ್ಲಿಯೇ ಮಾತಾಡುವವರು. ಕೀಮೋ ಮತ್ತು ವಿಕಿರಣ ಮುಗಿದ ದಿನ ನಮ್ಮಿಬ್ಬರನ್ನೂ ಎದುರು ಕೂಡಿಸಿಕೊಂಡು ಹೇಳಿದರು:

"ಶಾಸ್ತ್ರಿಗಳೇ, ಒಳಗ ಮಾಡೋ ಕೆಲಸ ಎರಡರಾಗೂ ಒಂದೇ. ಕೆಟ್ಟ ನಾಳ ತಗೀಬೇಕು, ಸುತ್ತಲಿನ ಗಂಟು ತಗೀಬೇಕು, ಹೊಟ್ಟಿ ಚೀಲಾ ಮ್ಯಾಲ ಎಳದು ಜೋಡಿಸಬೇಕು. ಬ್ಯಾರೆ ಇರೋದು ಹೋಗೋ ದಾರಿ. ಒಂದರಾಗ ಪಕ್ಕಿ ಎಲುಬು ಅಗಲ ಮಾಡಿ ನಾನು ಕೈ ಹಾಕ್ತೀನಿ. ಇನ್ನೊಂದರಾಗ ಸಣ್ಣ ಸಣ್ಣ ತೂತು ಹಾಕಿ, ದುರ್ಬೀನು ಇಳಿಸಿ, ಪರದೆ ಮ್ಯಾಲ ನೋಡ್ಕೊಂತ ಮಾಡ್ತೀನಿ. ಇದಕ್ಕ ಹೊತ್ತು ಜಾಸ್ತಿ ಹಿಡೀತದ."

"ರೋಗವನ್ನು ಬೇರುಸಹಿತ ತೆಗೆಯುವುದರಲ್ಲಿ ಯಾವುದು ಮೇಲು?" ಎಂದು ಕೇಳಿದೆ.

"ಬಲ್ಲವರ ಕೈಯಾಗ ಆದ್ರ, ಅದರಾಗ ದುರ್ಬೀನು ಹಿಂದ ಬಿದ್ದದ್ದು ಕಂಡಿಲ್ರಿ. ನೋವು ಕಮ್ಮಿ, ಆಪರೇಶನ್ ಆದಮ್ಯಾಲ ನಿಮೋನಿಯಾ ಆಗೋ ಅಂಜಿಕಿ ಕಮ್ಮಿ. ಅಕ್ಕಾರ ಉಸಿರು ಮೊದಲೇ ಸೋತದ. ಅದಕ್ಕ ಇವರಿಗೆ ಅದೇ ಛಲೋ ಅಂತ ನನ್ನ ಮಾತು. ಆದ್ರ ಒಳಗ ಹೋದಮ್ಯಾಲ ತೊಂದ್ರಿ ಕಂಡ್ರ ಅಲ್ಲೇ ತೆರೀತೀನಿ. ಅದಕ್ಕೂ ಈಗಲೇ ಒಪ್ಪಿಗಿ ಕೊಡಬೇಕು. ಖಾತ್ರಿ ಅಂತೂ ಯಾವುದಕ್ಕೂ ಕೊಡಂಗಿಲ್ರಿ."

ಇಷ್ಟು ನೇರವಾಗಿ ಮಾತಾಡುವ ವೈದ್ಯನನ್ನು ಕಂಡು ನನಗೆ ಸಮಾಧಾನವಾಯಿತು. ಊರಿಗೆ ಬಂದ ಮರುದಿನವೇ ಆ ಸಮಾಧಾನ ಹೋಯಿತು.

ನಮ್ಮ ಕಡೆ ಯಾರಿಗಾದರೂ ಕಾಯಿಲೆಯೆಂದರೆ 'ಮಾತಾಡಿಸಿಕೊಂಡು ಬರುವುದು' ಒಂದು ಪದ್ಧತಿ. ಹೋಗದಿದ್ದರೆ ಮನಸ್ತಾಪ. ಆತ ಈ ಪದ್ಧತಿಯನ್ನು ಹಕ್ಕೆಂದು ತಿಳಿದಿದ್ದ. ಬೆಳಗಿನ ಪೂಜೆ ಮುಗಿಯುವ ಮೊದಲೇ ಬಂದು ಪಡಸಾಲೆಯಲ್ಲಿ ಕುಳಿತ. ಮಾತಿಗೆ ಮುಂಚೆ ಗುಂಡಿ ಬಿಚ್ಚಿದ.

"ಅಕ್ಕಾರ, ಕಲ್ಲಿನ ಒಳಗಿನ ಬಿರುಕು ಮ್ಯಾಲ ನಿಂತು ನೋಡಿದ್ರ ಕಾಣ್ತದೇನ್ರಿ? ಎಬ್ಬಿಸಿ, ತಿರುವಿ, ಬೆಳಕಿಗೆ ಹಿಡದ್ರ ಕಾಣ್ತದ. ಮನಷ್ಯಾ ಬ್ಯಾರೇನು? ನನಗೂ ಮೊದಲ ತೂತೇ ಹಾಕಿದ್ರು. ಒಳಗ ರಕ್ತ ಸುರೀತು, ದುರ್ಬೀನಿಗಿ ಏನೂ ಕಾಣಲಿಲ್ಲ. ಆಮ್ಯಾಲ ತೆರದ್ರು. ತೆರದಿದ್ದಕ್ಕ ಉಳದೆ. ಇಲ್ಲಿ ನೋಡ್ರಿ, ಸಾಕ್ಷಿ ಬರದು ಇಟ್ಟಾರ."

ನಾನು ತಡೆದೆ. "ತೊಂದರೆ ಕಂಡಾಗ ತೆರೆಯುವುದು ಆ ಪದ್ಧತಿಯೊಳಗೇ ಇರುವ ಎಚ್ಚರ. ನಿನ್ನ ವೈದ್ಯರು ಎಚ್ಚರವಾಗಿದ್ದುದರಿಂದ ನೀನು ಉಳಿದೆ. ಅದು ದುರ್ಬೀನಿನ ಸೋಲು ಹೇಗಾಯಿತು?"

"ಶಾಸ್ತ್ರಿಗಳ, ನೀವು ಪುರಾಣ ಹೇಳೋರು," ಎಂದು ನಕ್ಕ. "ನಾನು ಕೊಯ್ಸ್ಕೊಂಡಾಂವ."

ದಿನವೂ ಬಂದ. ತಂಗಿ ಅಂಬಲಿ ಕುಡಿಯುವ ಹೊತ್ತಿಗೆ ಸರಿಯಾಗಿ ಬಂದು, ನನ್ನ ಸೊಸೆಯಿಂದ ರೊಟ್ಟಿ ಕೇಳಿ ಹಾಕಿಸಿಕೊಂಡು, ಅವಳ ಎದುರೇ ಮುರಿದು ತಿನ್ನುತ್ತಿದ್ದ. ಅದಕ್ಕಿಂತ ಕ್ರೂರವಾದ ಉಪದೇಶವನ್ನು ನಾನು ಕಂಡಿಲ್ಲ. ಅದಕ್ಕಿಂತ ಫಲಕಾರಿಯಾದುದನ್ನೂ ಕಂಡಿಲ್ಲ. ಒಂದು ಸಂಜೆ ತಂಗಿ, ತೆರೆದೇ ಮಾಡಿಸಿಕೊಳ್ಳುವೆನೆಂದಳು. ನಾನು ವೈದ್ಯರ ಮಾತುಗಳನ್ನು ಒಂದೊಂದಾಗಿ ನೆನಪಿಸಿದೆ. ಅವಳು ಕೇಳಿಕೊಂಡು, ತಣ್ಣಗೆ ಹೇಳಿದಳು:

"ಯಣ್ಣಾ, ನಿನ್ನ ಗ್ರಂಥದಾಗ ಈ ಬ್ಯಾನಿ ಬಂದು ಉಳದವರು ಯಾರರ ಅದಾರೇನು? ಅಂವ ಉಳದಾನ. ನನ್ನ ಕಣ್ಣ ಮುಂದ ಉಣ್ತಾನ. ಡಾಕ್ಟರು ಖಾತ್ರಿ ಕೊಡಂಗಿಲ್ಲ ಅಂದ್ರು. ಇಂವ ಕೊಡ್ತಾನ."

ಸತ್ಯವನ್ನು ಹೇಳುವವನು ಖಾತ್ರಿ ಕೊಡಲಾರ. ಖಾತ್ರಿ ಕೊಡುವವನಿಗೆ ಸತ್ಯದ ಹಂಗಿಲ್ಲ. ಪ್ರಾಣಭಯದಲ್ಲಿರುವ ಹೆಣ್ಣುಮಗಳು ಯಾರನ್ನು ನಂಬುವಳು? ಅವಳ ದುರ್ಬಲ ಉಸಿರಿನ ಮೇಲೆ ತೆರೆದ ಎದೆಯ ಭಾರವೂ ಬಿದ್ದರೆ ಏನಾಗುವುದೆಂದು ಯೋಚಿಸುತ್ತ ಆ ವಾರವೆಲ್ಲ ನನ್ನ ಜಪಕ್ಕೆ ಲಯ ಹತ್ತಲಿಲ್ಲ. ಹುಡಿ ಹಾರಿಸಿ ಉಸಿರು ಕೆಡಿಸಿದವನೇ ಈಗ ಆ ಉಸಿರಿಗೆ ಮತ್ತಷ್ಟು ಕಷ್ಟವಾಗುವ ದಾರಿಯನ್ನು ತೋರಿಸುತ್ತಿದ್ದಾನೆ ಎಂಬುದು ನನ್ನನ್ನು ಸುಡುತ್ತಿತ್ತು.

ಶಸ್ತ್ರಕ್ರಿಯೆಗೆ ಮೊದಲು ಉಸಿರನ್ನು ಬಲಪಡಿಸಲೆಂದು ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಸಾಧನವನ್ನು ಕೊಟ್ಟಿದ್ದರು. ಮೂರು ಗೂಡು, ಒಂದೊಂದರಲ್ಲಿ ಒಂದು ಬಣ್ಣದ ಗುಂಡು, ಪಕ್ಕದಲ್ಲಿ ಒಂದು ನಳಿಗೆ. ನಳಿಗೆಯನ್ನು ಬಾಯಲ್ಲಿಟ್ಟು ಉಸಿರನ್ನು ಒಳಗೆಳೆದರೆ ಗುಂಡುಗಳು ಏರುತ್ತವೆ. ತಂಗಿ ಪಡಸಾಲೆಯಲ್ಲಿ ಕುಳಿತು ಅದನ್ನು ಅಭ್ಯಾಸ ಮಾಡುತ್ತಿದ್ದಾಗ ಆತ ಬಂದ.

"ಏನ್ರಿ ಅಕ್ಕಾರ, ಮಕ್ಕಳ ಆಟಗಿ ಹಿಡದೀರಲ್ಲ?"

"ಮೂರೂ ಗುಂಡು ಏರಿಸ್ಬೇಕಂತ್ರಿ. ನನಗ ಒಂದೇ ಏರ್ತದ. ಅದೂ ಅಳಕೊಂತ."

"ಇಷ್ಟೇನಾ? ಕೊಡ್ರಿ ಇಲ್ಲಿ. ಮೂರೂ ಮಾಳಗಿಗಿ ಹತ್ತಸ್ತೀನಿ."

ಬಾಯಿಗಿಟ್ಟು ಬಲವಾಗಿ ಊದಿದ. ಗುಂಡುಗಳು ಅಲುಗಲಿಲ್ಲ.

"ಊದೋದಲ್ರಿ ಅಣ್ಣಾರ," ಎಂದು ತಂಗಿ ನಕ್ಕಳು. "ಎಳೀಬೇಕು. ಬೆಂಕಿ ಹಚ್ಚಲಿಕತ್ತೀರೇನು?"

ಎಳೆದ. ಮೊದಲ ಗುಂಡು ಅರ್ಧಕ್ಕೆ ಏರಿ ಇಳಿಯಿತು. ಕುಳಿತ ಭಂಗಿಯನ್ನು ಬದಲಿಸಿ, ಭುಜ ಎತ್ತಿ, ಮತ್ತೆ ಎಳೆದ. ಗುಂಡು ಮೇಲೆ ತಗುಲಿತು. ಎರಡನೆಯದು ನಡುಗಿ ಸುಮ್ಮನಾಯಿತು. ಆಗ ಕೆಮ್ಮು ಹತ್ತಿತು. ಬಲಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಬಾಗಿ, ಆತ ಬಹಳ ಹೊತ್ತು ಕೆಮ್ಮಿದ. ಮುಖ ಕಪ್ಪಾಯಿತು. ಸೊಸೆ ನೀರು ತಂದಳು. ಅದು ಹಳೆಯ ಗಾಯದ ಫಲವೋ, ತನ್ನದೇ ಕಾರ್ಖಾನೆಯ ಹುಡಿಯ ಫಲವೋ, ನಾನು ಹೇಳಲಾರೆ, ಎರಡೂ ಇರಬಹುದು. ಆತ ಬಾಗಿ ಕುಳಿತುದನ್ನು ಕಂಡು ನನಗೆ ಸಂತೋಷವಾಯಿತೆಂಬುದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ತಂಗಿ ನಗುತ್ತಿರಲಿಲ್ಲ. "ನೋವು ಅದ ಏನ್ರಿ ಇನ್ನಾ?" ಎಂದು ಕೇಳಿದಳು.

"ಏನಿಲ್ಲ. ಹವಾ ಬದ್ಲಾಗ್ಯಾದ."

"ದಿನಾ ಹಿಂಗೇ ಆಗ್ತದೇನ್ರಿ?"

ಆತ ಅಂಗಿಯನ್ನು ಸರಿಪಡಿಸಿಕೊಂಡ. ತಂಗಿ ಸಾಧನವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಹೇಳಿದಳು:

"ಅಣ್ಣಾರ, ನೀವು ಕಲ್ಲು ಹೊತ್ತ ಮನಷ್ಯಾ. ನಿಮ್ಮ ಉಸಿರೇ ಇಷ್ಟು ಸೋತದ ಅಂದ್ರ, ನಂದು ತಡೀತದೇನ್ರಿ? ನೀವು ಉಣ್ಣೋದು ಇಷ್ಟು ದಿನ ನೋಡ್ದೆ. ಉಸಿರಾಡೋದು ಇವತ್ತು ನೋಡ್ದೆ. ನನಗ ದುರ್ಬೀನೇ ಇರಲಿ."

ಆತ ಎದ್ದು ನಿಂತ. ನೀರಿನ ಲೋಟ ಉರುಳಿತು. ತನ್ನ ಮಾತನ್ನು ಒಬ್ಬರು ಕೇಳದಿದ್ದರೆ ಆತನೊಳಗಿಂದ ಏನು ಹೊರಬರುತ್ತಿತ್ತೆಂಬುದನ್ನು ಆ ದಿನ ಕಂಡೆವು.

"ಹೋಗ್ರಿ, ತೂತ ಹಾಕಿಸ್ಕೋರಿ. ಹೆಣಾ ತರಲಿಕ್ಕ ನಮ್ಮ ಗಾಡಿನೇ ಕಳಸ್ತೀನಿ."

ತಂಗಿ ತಲೆಯೆತ್ತಿ ಹೇಳಿದಳು: "ಕಳಸ್ರಿ. ಜೀವಂತ ಇದ್ರ ಅದರಾಗೇ ಕುಂತು ಬರ್ತೀನಿ."

ಶಸ್ತ್ರಕ್ರಿಯೆಯ ದಿನ ಅವಳ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಲಿಂಗದ ಜೊತೆಗೆ ಅವಳ ಲಿಂಗವನ್ನೂ ಅಂಗೈಯಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತೆ. ಅಷ್ಟು ದೀರ್ಘವಾದ ಪೂಜೆಯನ್ನು ನಾನು ಹಿಂದೆ ಮಾಡಿರಲಿಲ್ಲ. ಹೊತ್ತು ಮೀರಿದಂತೆಲ್ಲ ಆತನ ಮಾತೇ ಕಿವಿಯಲ್ಲಿ ಕೂಗುತ್ತಿತ್ತು. ಮಂತ್ರಕ್ಕೆ ಜಾಗವಿಲ್ಲದಂತೆ ಮಾಡಿದನಲ್ಲ, ಅದನ್ನು ಕ್ಷಮಿಸಲು ನನಗೆ ಸಾಧ್ಯವಾಗಿಲ್ಲ. ಇಳಿಹೊತ್ತಿನಲ್ಲಿ ವೈದ್ಯರು ಹೊರಬಂದು, ತೆರೆಯುವ ಪ್ರಮೇಯ ಬರಲಿಲ್ಲವೆಂದರು.

ಎಲ್ಲವೂ ಹೂವೆತ್ತಿದಷ್ಟು ಸುಲಭವಾಯಿತೆಂದು ಬರೆದರೆ ಸುಳ್ಳಾದೀತು. ಕೊರಳಿನ ಹೊಲಿಗೆಯಲ್ಲಿ ಸ್ವಲ್ಪ ಸೋರಿಕೆಯಾಗಿ ಬಾಯಿಯ ಊಟ ತಡವಾಯಿತು. ಹೊಟ್ಟೆಗೆ ಹಾಕಿದ ನಳಿಗೆಯಿಂದಲೇ ಆಹಾರ ಕೊಟ್ಟರು. ಧ್ವನಿ ಒಡೆದು, ವಚನ ಹೇಳುವ ಕಂಠ ಬಹುದಿನ ಪಿಸುಗುಟ್ಟಿತು. ಆದರೆ ವೈದ್ಯರು ಹೆದರಿದ್ದ ನಿಮೋನಿಯಾ ಬರಲಿಲ್ಲ. ಅವಳು ಎದ್ದಳು, ನಡೆದಳು, ರೈಲಿನಲ್ಲಿ ಕುಳಿತು ಊರಿಗೆ ಬಂದಳು.

ಆತ ನಾಚಿಕೊಂಡು ದೂರ ಉಳಿಯುವನೆಂದು ನಾನು ತಿಳಿದಿದ್ದೆ. ಮನುಷ್ಯಸ್ವಭಾವದ ಬಗ್ಗೆ ನನಗಿದ್ದ ತಿಳಿವಳಿಕೆ ಬಹಳ ಕಡಿಮೆ. ತಿಂಗಳೊಳಗೆ ಆತ ಊರೆಲ್ಲ ಹೇಳತೊಡಗಿದ: "ಶಾಸ್ತ್ರಿಗಳ ತಂಗೀಗಿ ದುರ್ಬೀನ್ ಮಾಡಿಸ್ರಿ ಅಂತ ನಾನೇ ಹೇಳಿ ಕಳಿಸ್ದೆ. ತೆರಸೋದು ಈಗ ಹಳೇ ಪದ್ಧತಿ." ಕೇಳಿದವರು ನಂಬಿದರು. ನಿನ್ನೆಯವರೆಗೆ ಎದೆ ತೆರೆಯದೆ ಉಳಿವಿಲ್ಲ ಎಂದಿದ್ದವನು ಇಂದು ಎದೆ ತೆರೆದರೆ ಉಳಿವಿಲ್ಲ ಎಂದ. ಕಲ್ಲು, ಬಿರುಕು, ಬೆಳಕು ಎಂಬ ಮಾತುಗಳೆಲ್ಲ ಮಾಯವಾದವು. ಆತನಿಗೆ ತೆರೆದ ಶಸ್ತ್ರಕ್ರಿಯೆಯೂ ಬೇಕಿರಲಿಲ್ಲ, ದುರ್ಬೀನೂ ಬೇಕಿರಲಿಲ್ಲ. ಹೇಳುವ ಬಾಯಿ ತನ್ನದಾಗಿರಬೇಕು, ಅಷ್ಟೇ. ಒಬ್ಬನ ದೇಹಕ್ಕೆ ಒದಗಿದ್ದು ಇನ್ನೊಬ್ಬನಿಗೂ ಒದಗಬೇಕೆಂಬ ಹಟಕ್ಕಿಂತ ದೊಡ್ಡ ಅವಿದ್ಯೆ ಯಾವುದಿದೆ?

ಇದರ ಫಲ ನಮ್ಮ ಬಾಗಿಲಿಗೇ ಬಂದಿತು. ವಾಡಿಯಲ್ಲಿ ಹಮಾಲಿ ಮಾಡುವ ಒಬ್ಬನನ್ನೂ ಅವನ ಹೆಂಡತಿಯನ್ನೂ ಆತ ಕರೆತಂದ. ಅವನಿಗೂ ಅನ್ನನಾಳದ್ದೇ ಬೇನೆ. ಕರುಳು ಒಡೆದು ಹಿಂದೊಮ್ಮೆ ಹೊಟ್ಟೆಯ ಶಸ್ತ್ರಕ್ರಿಯೆಯಾಗಿದ್ದುದರಿಂದ ಒಳಗೆ ಎಲ್ಲ ಅಂಟಿಕೊಂಡಿದೆಯೆಂದೂ, ಅವನಿಗೆ ತೆರೆದು ಮಾಡುವುದೇ ಸರಿಯೆಂದೂ ಅದೇ ವೈದ್ಯರು ಹೇಳಿದ್ದರು. ಆ ಮಾತು ಕೇಳಬೇಡ, ದುರ್ಬೀನೇ ಮಾಡಿಸಿಕೊ ಎಂದು ಈತ ಅವನ ತಲೆ ಕೆಡಿಸಿದ್ದ. ಅವನು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟು ಕುಳಿತಿದ್ದ.

"ಅಕ್ಕಾರ," ಎಂದ ಈತ, ನಮ್ಮ ಪಡಸಾಲೆಯಲ್ಲಿ ನಿಂತು, "ಸೆರಗ ಸರಿಸಿ ಒಂದೀಟು ತೂತಿನ ಗುರುತು ತೋರಸ್ರಿ. ಈತಗ ಧೈರ್ಯ ಬರಲಿ."

ನಾನು ಎದ್ದುನಿಂತೆ. ಬಾಯಿಗೆ ಬಂದ ಮಾತು ನಾನು ಈ ಲೇಖನದಲ್ಲಿ ಬರೆಯುವಂಥದಲ್ಲ. ತಂಗಿ ಕೈ ಮಾಡಿ ನನ್ನನ್ನು ಕೂಡಿಸಿದಳು. ಈತನ ಕಡೆ ನೋಡಲೂ ಇಲ್ಲ. ವಾಡಿಯವನನ್ನು ಕೇಳಿದಳು:

"ತಮ್ಮಾ, ನಿಮ್ಮ ಡಾಕ್ಟರ್ ಏನಂದಾರ?"

"ತೆರದೇ ಮಾಡಬೇಕಂತಾರ್ರಿ ಯವ್ವಾ."

"ಹಂಗಾದ್ರ ಅವರ ಬಲ್ಲಿ ಹೋಗು. ತಡಾ ಮಾಡಬ್ಯಾಡ."

"ಅಕ್ಕಾರ, ನೀವೇ ಹಿಂಗಂದ್ರ..." ಎಂದು ಈತ ನಡುವೆ ಬಾಯಿ ಹಾಕಿದ.

"ನೀವು ಸುಮ್ನಿರ್ರಿ," ಎಂದಳು. ಒಡೆದ ಧ್ವನಿಯಲ್ಲಿ ಅಷ್ಟು ಗಡಸು ಇರಬಹುದೆಂದು ನನಗೆ ಗೊತ್ತಿರಲಿಲ್ಲ. "ಹೇಳಿದ್ದು ನೀವು, ಅಂಜಿಸಿದ್ದು ನೀವು. ಈಗ ಇವರ ಜೋಡಿ ಹೋಗ್ರಿ. ಡಾಕ್ಟರ ಮುಂದ ಕುಂತು, ಅವರು ಹೇಳೋದನ್ನ ಇವರಿಗಿ ಕೇಳಲಿಕ್ಕ ಬಿಡ್ರಿ."

ಆತ ಗಡಿಯಾರ ನೋಡಿಕೊಂಡ. ಚಿತ್ತಾಪುರದಲ್ಲಿ ಮದುವೆಯಿದೆ, ಹೋಗದಿದ್ದರೆ ಬೀಗರು ಬೇಸರ ಮಾಡಿಕೊಳ್ಳುತ್ತಾರೆ ಎಂದ. ಹೊರಟುಹೋದ. ಆಮೇಲೆ ಸಾಯುವವರೆಗೂ ಆತ ನಮ್ಮ ಹೊಸ್ತಿಲು ದಾಟಲಿಲ್ಲ. ಅದೊಂದು ಉಪಕಾರವನ್ನು ನಾನು ಒಪ್ಪಿಕೊಳ್ಳುತ್ತೇನೆ.

ಮರುದಿನ ಬೆಳಗಿನ ಗಾಡಿಗೆ ತಂಗಿಯೇ ಆ ದಂಪತಿಗಳ ಜೊತೆ ಹೈದರಾಬಾದಿಗೆ ಹೊರಟಳು. ಅವಳೊಬ್ಬಳನ್ನೇ ಕಳಿಸಲಾರದೆ ನಾನೂ ಹೋದೆ. ಡಬ್ಬಿಯಲ್ಲಿ ಮೆತ್ತಗೆ ಕಲಸಿದ ಅನ್ನವನ್ನಿಟ್ಟುಕೊಂಡು, ಸ್ವಲ್ಪಸ್ವಲ್ಪವೇ ತಿನ್ನುತ್ತ, ಅವಳು ವಾಡಿಯವನ ಪಕ್ಕ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಸರದಿಗೆ ಕಾಯುವಾಗ ಅವನ ಹೆಂಡತಿ ಅವಳ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಕೇಳಿದಳು:

"ಯವ್ವಾ, ಖರೇ ಹೇಳ್ರಿ. ನಿಮಗ ಹ್ಯಾಂಗ ಮಾಡಿದ್ರು? ಭಾಳ ನೋವಾತೇನ್ರಿ? ನಮ್ಮವರಿಗೂ ನಿಮ್ಮಂಗೇ ಆಗ್ತದೇನ್ರಿ?"

ತಂಗಿ ಆ ಹೆಂಗಸಿನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ನಂದು ನನಗಷ್ಟೇ ಗೊತ್ತವ್ವಾ. ನಿಮ್ಮವರದ್ದು ಡಾಕ್ಟರಿಗಿ ಗೊತ್ತದ. ನಿಮ್ಮ ಹೆಸರು ಕರೀಲಿಕತ್ತಾರ, ಏಳ್ರಿ."